ಗೌರ್ಮೆಂಟ್ ಮಾತ್ರೆ ಬೇಡ ಅನ್ನುವವರಿಗೆ

"ಸಾರ್, ಈ ಗೌರ್ಮೆಂಟ್ ಮಾತ್ರೆ ಬೇಡ. ಎಷ್ಟಾದರೂ ಆಗಲಿ, ಹೊರಗಡೆ ಸಿಗೋ ಒಳ್ಳೇದು ಬರೆದುಕೊಡಿ."

ಮಾಮೂಲಿ ಔಷಧಿಗೆ ಬಗ್ಗದ ಟಿಬಿ ಎಂದು ವರದಿ ಬಂದ ದಿನ ಈ ಮಾತು ತಪ್ಪಿದ್ದಲ್ಲ. ಹೇಳುವವರು ರೋಗಿಯಲ್ಲ, ಅಣ್ಣನೋ ಮಾವನೋ ಊರಿನ ಮುಖಂಡರೋ. ಕಳೆದ ವರ್ಷ ಹೀಗೆ ಬಂದವರು ಒಬ್ಬ ಅಡಿಕೆ ವ್ಯಾಪಾರಿ. ರೋಗ ತಂಗಿಗೆ. ಜೇಬಿನಿಂದ ನೋಟಿನ ಕಟ್ಟು ತೆಗೆದು ಮೇಜಿನ ಮೇಲೇ ಇಟ್ಟರು. ನನಗೆ ಸಿಟ್ಟು ಬಂತು. ತಂಗಿ ಮೇಲಿನ ಅಕ್ಕರೆ ಕಂಡು ಅಷ್ಟೇ ಬೇಗ ಇಳಿದೂ ಹೋಯಿತು.

"ಯಜಮಾನ್ರೇ, ಇದು ಪುಕ್ಕಟೆ ಯಾಕೆ ಅಂದರೆ ದುಡ್ಡು ಬೇರೆಯವರು ಕೊಟ್ಟಾಗಿದೆ" ಎಂದೆ. ಅವರಿಗೆ ಅರ್ಥವಾಗಲಿಲ್ಲ. ಇಲ್ಲಿ ಬಿಡಿಸಿ ಹೇಳುತ್ತೇನೆ.

ನಾನು ಕೊಟ್ಟದ್ದು ನಾಲ್ಕು ಔಷಧಗಳ ಆರು ತಿಂಗಳ ಕೋರ್ಸು: ಬೆಡಾಕ್ವಿಲಿನ್, ಪ್ರೆಟೊಮನಿಡ್, ಲಿನೆಜೊಲಿಡ್, ಮಾಕ್ಸಿಫ್ಲಾಕ್ಸಸಿನ್. ಇವುಗಳಲ್ಲಿ ಪ್ರೆಟೊಮನಿಡ್‌ನ ಕತೆ ಕೇಳಿ. ಅಮೆರಿಕದ ಸಿಯಾಟಲ್‌ನ ಒಂದು ಕಂಪನಿ ಕಂಡುಹಿಡಿದದ್ದು. ಕಂಪನಿ ಕೈಬದಲಾದಾಗ ಮೂಲೆಗೆ ಬಿತ್ತು. ಟಿಬಿ ಬರುವುದು ಬಡವರಿಗೆ, ಲಾಭ ಎಲ್ಲಿಂದ ಹುಟ್ಟಬೇಕು? 2002ರಲ್ಲಿ ಟಿಬಿ ಅಲಯನ್ಸ್ ಎಂಬ ಲಾಭದಾಸೆಯಿಲ್ಲದ ಸಂಸ್ಥೆ ಅದನ್ನು ಕೈಗೆತ್ತಿಕೊಂಡಿತು. ಹಣ ಹಾಕಿದ್ದು ಹಲವು ದೇಶಗಳ ಸರ್ಕಾರಗಳು, ಗೇಟ್ಸ್ ಪ್ರತಿಷ್ಠಾನ. ಬೆಡಾಕ್ವಿಲಿನ್, ಲಿನೆಜೊಲಿಡ್‌ಗಳ ಜೊತೆ ಕೊಟ್ಟು ನೋಡಿದ ಪರೀಕ್ಷೆಗೆ ಮೈಯೊಡ್ಡಿದ್ದು ದಕ್ಷಿಣ ಆಫ್ರಿಕಾದ 109 ರೋಗಿಗಳು, ಅದೂ ಬೇರೆ ದಾರಿಯೇ ಉಳಿಯದವರು. ಹತ್ತರಲ್ಲಿ ಒಂಬತ್ತು ಜನ ಗೆದ್ದರು. 2019ರಲ್ಲಿ ಅಮೆರಿಕದ ಅನುಮತಿ ಸಿಕ್ಕಿತು. ತಯಾರಿಸುವ ಹಕ್ಕು ಪಡೆದವರಲ್ಲಿ ಮುಂಬೈಯ ಮ್ಯಾಕ್ಲಿಯಾಡ್ಸ್ ಕೂಡ ಇದೆ.

ನಾಲ್ಕನ್ನೂ ಸೇರಿಸಿ ಬೆಲಾರೂಸ್, ಉಜ್ಬೇಕಿಸ್ತಾನ್, ದಕ್ಷಿಣ ಆಫ್ರಿಕಾಗಳಲ್ಲಿ ಪರೀಕ್ಷಿಸಿದ್ದು 'ಗಡಿಯಿಲ್ಲದ ವೈದ್ಯರು' (ಎಂಎಸ್ಎಫ್) ಎಂಬ ಅಂತರರಾಷ್ಟ್ರೀಯ ಸೇವಾಸಂಸ್ಥೆ. ಹೊಸ ಕೋರ್ಸಿನಲ್ಲಿ ಶೇ. 89 ಮಂದಿಗೆ ಗುಣ, ಹಳೆಯದರಲ್ಲಿ ಶೇ. 52. ನಮ್ಮ ಕೇಂದ್ರ ಸರ್ಕಾರ ಒಪ್ಪಿದ್ದು 2024ರ ಸೆಪ್ಟೆಂಬರಿನಲ್ಲಿ.

ಹಳೆಯದು ಅಂದರೆ ಏನೆಂದು ಈಗಿನ ಹುಡುಗ ಡಾಕ್ಟರುಗಳಿಗೆ ಗೊತ್ತಿಲ್ಲ. ಒಂದೂವರೆ ಎರಡು ವರ್ಷ ಮಾತ್ರೆ, ತಿಂಗಳುಗಟ್ಟಲೆ ಕೆನಾಮೈಸಿನ್ ಸೂಜಿ. ಪೃಷ್ಠದಲ್ಲಿ ಚುಚ್ಚಲು ಜಾಗ ಉಳಿಯುತ್ತಿರಲಿಲ್ಲ. ಕೆಲವರ ಕಿವಿಯೇ ಹೋಗುತ್ತಿತ್ತು. ಹಾಗೆ ಕಿವಿ ಕಳೆದುಕೊಂಡ ಇಬ್ಬರು ಹೆಣ್ಣುಮಕ್ಕಳು, ನಮ್ಮ ದೇಶದ ನಂದಿತಾ ವೆಂಕಟೇಶನ್ ಮತ್ತು ದಕ್ಷಿಣ ಆಫ್ರಿಕಾದ ಫುಮೇಜಾ ಟಿಸಿಲೆ, ಬೆಡಾಕ್ವಿಲಿನ್ ಪೇಟೆಂಟನ್ನು ಇನ್ನಷ್ಟು ವರ್ಷ ಎಳೆಯಬಾರದೆಂದು ಇಲ್ಲಿ ಆಕ್ಷೇಪ ಹಾಕಿದರು. 2023ರ ಮಾರ್ಚಿನಲ್ಲಿ ನಮ್ಮ ಪೇಟೆಂಟ್ ಕಚೇರಿ ಆ ಮಾತ್ರೆಯ ಕಂಪನಿ ಜಾನ್ಸನ್ ಅಂಡ್ ಜಾನ್ಸನ್‌ನ ಅರ್ಜಿ ತಳ್ಳಿಹಾಕಿತು. ಸರ್ಕಾರಕ್ಕೆ ಅಗ್ಗದ ಮಾತ್ರೆಯ ಬಾಗಿಲು ತೆರೆದದ್ದು ಹಾಗೆ.

ಈಗ ಹೇಳಿ, ನೋಟಿನ ಕಟ್ಟು ಹಿಡಿದು ಯಾವ ಮೆಡಿಕಲ್ ಶಾಪಿಗೆ ಹೋಗುತ್ತೀರಿ? ಹೊರಗಡೆಯದೇ ಬೇಕೆಂದು ಹಟ ಹಿಡಿದವರ ಕೈಗೆ ಸಾಮಾನ್ಯವಾಗಿ ಬರುವುದು ಅರ್ಧಂಬರ್ಧ ಜೊತೆಗೂಡಿಸಿದ ಮಾತ್ರೆಗಳು. ಕ್ರಿಮಿ ಅದನ್ನೂ ಜೀರ್ಣಿಸಿಕೊಂಡು ಮತ್ತಷ್ಟು ಮೊಂಡಾಗುತ್ತದೆ.

ಈ ಕೋರ್ಸು ಎಲ್ಲರಿಗೂ ಅಲ್ಲ ಎಂಬುದನ್ನೂ ಹೇಳಬೇಕು. ಗರ್ಭಿಣಿಯರಿಗೆ, 14 ವರ್ಷ ತುಂಬದ ಮಕ್ಕಳಿಗೆ ದಾರಿ ಬೇರೆ. ಆಗಾಗ ಇಸಿಜಿ, ರಕ್ತಪರೀಕ್ಷೆ ಆಗಲೇಬೇಕು. ವ್ಯಾಪಾರಿಯ ತಂಗಿಗೆ ನಾಲ್ಕನೇ ತಿಂಗಳು ಪಾದದಲ್ಲಿ ಇರುವೆ ಹರಿದಾಡಿದ ಹಾಗೆ ಆಗತೊಡಗಿತು. ಲಿನೆಜೊಲಿಡ್ ಮಾಡುವ ಕೆಲಸ ಅದು. "ನೋಡಿದ್ರಾ, ಗೌರ್ಮೆಂಟ್ ಮಾತ್ರೆ!" ಎಂದು ಅಣ್ಣ ಎಗರಿದರು. ಲಿನೆಜೊಲಿಡ್ಡನ್ನು ಮೊದಲು ದಿನಕ್ಕೆ 1200 ಮಿಲಿಗ್ರಾಂ ಕೊಡುತ್ತಿದ್ದರು; 600 ಸಾಕು, ನರಗಳಿಗೂ ಕ್ಷೇಮ ಎಂದು ಜಾರ್ಜಿಯಾ, ಮೊಲ್ಡೋವಾ, ರಷ್ಯಾ, ದಕ್ಷಿಣ ಆಫ್ರಿಕಾಗಳ ರೋಗಿಗಳಿಂದ ತಿಳಿದದ್ದು. ನಾನು 600ರಿಂದ 300ಕ್ಕೆ ಇಳಿಸಿದೆ. ಪಾದದ ಹರಿದಾಟ ತಗ್ಗಿತು, ಕೋರ್ಸು ಮುಗಿಯಿತು, ಕಫದಲ್ಲಿ ಕ್ರಿಮಿ ಕಾಣಲಿಲ್ಲ.

ಕೊನೆಯ ದಿನ ಅಣ್ಣನೂ ಬಂದಿದ್ದರು. ತಂಗಿ ಆಚೆ ಹೋಗುವವರೆಗೆ ಕಾದು, ಮೆಲ್ಲಗೆ, "ಸಾರ್, ಇನ್ನಾದರೂ ಒಂದು ಟಾನಿಕ್ ಬರೀರಿ, ದುಡ್ಡಿಂದು" ಎಂದರು. ದಿನಕ್ಕೆರಡು ಮೊಟ್ಟೆ ಎಂದು ಚೀಟಿಯಲ್ಲಿ ಬರೆದು, ಸಹಿ ಹಾಕಿ ಕೊಟ್ಟೆ.