ನರನೋವಿನ ಗುಳಿಗೆ ಉರಿ ಎದ್ದಾಗ ನುಂಗುವುದಲ್ಲ

ಎದೆಯ ಶಸ್ತ್ರಚಿಕಿತ್ಸೆಯಾಗಿ ಮೂರು ತಿಂಗಳು ಕಳೆದು, ಗಾಯ ಪೂರ್ತಿ ಮಾಯ್ದ ಮೇಲೂ ಹೊಲಿಗೆಯ ಗುಂಟ ಉರಿ, ಜೋಮು, ಕರೆಂಟು ಹೊಡೆದಂಥ ಸೆಳೆತ ಉಳಿದವರು ಹುಬ್ಬಳ್ಳಿಯ ನನ್ನ ಚಿಕಿತ್ಸಾಲಯಕ್ಕೆ ಬರುವಾಗ ಬಹುತೇಕ ಒಂದೇ ಮಾತು ಹೇಳುತ್ತಾರೆ: “ನರದ ಗುಳಿಗಿ ನಾಲ್ಕು ದಿನಾ ನುಂಗಿದ್ನಿರೀ, ಏನೂ ಆಗಲಿಲ್ಲ, ಬಿಟ್ಟೆ.”

ರೋಣದ ಕಡೆಯ ತಾಯಿಯೊಬ್ಬರಿಗೆ ಸ್ತನದ ಶಸ್ತ್ರಚಿಕಿತ್ಸೆಯ ನಂತರ ಕುಪ್ಪಸದ ಅರಿವೆ ತಗುಲಿದರೂ ಕಂಕುಳು ಉರಿಯುತ್ತಿತ್ತು. ಅವರು ಪ್ರಿಗಾಬಾಲಿನ್ ಎಂಬ ನರನೋವಿನ ಗುಳಿಗೆಗಳನ್ನು ಸೆರಗಿನ ಗಂಟಿನಲ್ಲಿ ಇಟ್ಟುಕೊಂಡು, ಉರಿ ಎದ್ದಾಗ ಮಾತ್ರ ಒಂದನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಒಂದು ತಿಂಗಳ ಗುಳಿಗೆಯನ್ನು ನಾಲ್ಕು ತಿಂಗಳು ಬಾಳಿಸಿದ್ದೇನೆಂದು ಅವರು ಹೆಮ್ಮೆಯಿಂದ ತೋರಿಸಿದಾಗ ನನಗೆ ಸಿಟ್ಟೂ ಬಂತು, ನಗುವೂ ಬಂತು.

ಪ್ರತಿ ಪಕ್ಕೆಲುಬಿನ ಕೆಳ ಅಂಚಿಗೆ ಒಂದು ನರ ಅಂಟಿಕೊಂಡು ಸಾಗುತ್ತದೆ. ಎದೆ ತೆರೆಯಲು ಪಕ್ಕೆಲುಬುಗಳನ್ನು ಅಗಲಿಸುವಾಗ ಅದು ಜಜ್ಜಿಹೋಗಬಹುದು. ಕಂಕುಳಿನ ಗ್ರಂಥಿಗಳನ್ನು ತೆಗೆಯುವಾಗ ತೋಳಿನ ಒಳಬದಿಗೆ ಹೋಗುವ ನರಕ್ಕೂ ಪೆಟ್ಟು ಬೀಳಬಹುದು. ಶಸ್ತ್ರವೈದ್ಯರು ಎಷ್ಟೇ ಎಚ್ಚರ ವಹಿಸಿದರೂ ಇದು ಕೆಲವೊಮ್ಮೆ ತಪ್ಪುವುದಿಲ್ಲ. ಹೀಗೆ ಪೆಟ್ಟುಂಡ ನರ ಕಾರಣವಿಲ್ಲದೆಯೂ ನೋವಿನ ಸಂದೇಶ ಕಳುಹಿಸುತ್ತಲೇ ಇರುತ್ತದೆ. ಡೈಕ್ಲೋಫೆನಾಕ್ ಊತದ ನೋವಿಗೆ ಮದ್ದು, ಇದಕ್ಕೆ ಅಷ್ಟಾಗಿ ನಾಟುವುದಿಲ್ಲ. ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆ ಮತ್ತು ಮೂತ್ರಪಿಂಡಗಳಿಗೆ ಅಪಾಯ.

ಗ್ಯಾಬಾಪೆಂಟಿನ್, ಪ್ರಿಗಾಬಾಲಿನ್, ಅಮಿಟ್ರಿಪ್ಟಿಲಿನ್‌ಗಳು ಎದ್ದ ನೋವನ್ನು ತಾಸಿನೊಳಗೆ ಅಡಗಿಸುವ ಗುಳಿಗೆಗಳಲ್ಲ; ಕೆರಳಿದ ನರವನ್ನು ದಿನದಿನಕ್ಕೆ ಶಾಂತಗೊಳಿಸುವಂಥವು. ಆದ್ದರಿಂದ ನೋವಿಲ್ಲದ ದಿನವೂ ನುಂಗಬೇಕು. ಅಮಿಟ್ರಿಪ್ಟಿಲಿನ್ ಆದರೆ ರಾತ್ರಿ 10 ಮಿಲಿಗ್ರಾಂನಿಂದ ಆರಂಭಿಸಿ, ಮೈಗೆ ಒಗ್ಗಿದಂತೆ ಹೆಚ್ಚಿಸುತ್ತೇವೆ. ಫಲ ಸಿಕ್ಕಿತೋ ಇಲ್ಲವೋ ಎಂದು ನಿರ್ಧರಿಸಲು ನಾಲ್ಕರಿಂದ ಆರು ವಾರ ಬೇಕು. ಹೆಪ್ಪು ಹಾಕಿದ ಹಾಲನ್ನು ತಾಸಿಗೊಮ್ಮೆ ಕಲಕಿ ನೋಡಿ, ಮೊಸರಾಗಲಿಲ್ಲವೆಂದು ಚೆಲ್ಲುವವರು ಯಾರಿದ್ದಾರೆ?

ಮೆಣಸಿನಕಾಯಿಯ ಖಾರದ ಸತ್ವವಾದ ಕ್ಯಾಪ್ಸೈಸಿನ್ ಮುಲಾಮಿಗೂ ಇದೇ ನಿಯಮ. ಬ್ಯಾಡಗಿಯ ರೈತರೊಬ್ಬರು, “ನಮ್ಮ ಹೊಲದಾಗ ಐತಲ್ರೀ” ಎಂದಿದ್ದರು. ಬ್ಯಾಡಗಿ ಮೆಣಸಿನಕಾಯಿಯ ಹೆಸರು ಬಣ್ಣಕ್ಕೆ, ಖಾರಕ್ಕಲ್ಲ. ಅದಿರಲಿ, ಯಾವ ಮೆಣಸಿನಕಾಯಿಯನ್ನೂ ಅರೆದು ಹಚ್ಚಬೇಡಿ.

ನರನೋವಿನ ಗುಳಿಗೆ ಆರಂಭಿಸಿದ ಮೊದಲ ವಾರ ತಲೆ ತಿರುಗುವಿಕೆ, ಮಂಪರು ಸಾಮಾನ್ಯ. ಆಗ ಬೈಕು ಓಡಿಸಬಾರದು. ಮೂತ್ರಪಿಂಡದ ಅಥವಾ ಹೃದಯದ ತೊಂದರೆ ಇದ್ದವರು ಮೊದಲೇ ಹೇಳಬೇಕು. ಗುಳಿಗೆಯನ್ನು ತಟ್ಟನೆ ನಿಲ್ಲಿಸಲೂಬಾರದು. ಹೊಸ ಗಂಟು, ಉಸಿರಾಟದ ತೊಂದರೆ ಅಥವಾ ಹೆಚ್ಚುತ್ತಲೇ ಹೋಗುವ ನೋವು ಕಂಡರೆ, ನರನೋವೆಂದು ಊಹಿಸದೆ ಶಸ್ತ್ರವೈದ್ಯರಿಗೆ ತೋರಿಸಬೇಕು.

ದಿನವೂ ನುಂಗತೊಡಗಿದ ಮೇಲೆ ರೋಣದ ತಾಯಿಗೆ ಆರು ವಾರದಲ್ಲಿ ಉರಿ ಅರ್ಧಕ್ಕಿಳಿದಿದೆ, ಪೂರ್ತಿ ಹೋಗಿಲ್ಲ. ಮುಂದಿನ ಸಲ ಖಾಲಿಯಾದ ಗುಳಿಗೆ ಪಟ್ಟಿಗಳನ್ನು ತರಲು ಹೇಳಿದ್ದೇನೆ, ನಾನೇ ಎಣಿಸುತ್ತೇನೆ.