ತಲೆಗೆ ಬಡಿಯಿತಾ, ಕೈಗೆ ಬಂತಾ?

ಜನವರಿ ಕಳೆಯುತ್ತಿದ್ದ ಹಾಗೆ ನಮಗೆ ಬರುವ ಫೋನುಗಳ ಧಾಟಿ ಬದಲಾಗುತ್ತದೆ. ಅಲ್ಲಿಯವರೆಗೆ "ಹದ್ದಿಗೆ ಏಟಾಗಿದೆ, ಬನ್ನಿ" ಎನ್ನುತ್ತಿದ್ದವರು "ಹದ್ದೇ ನಮಗೆ ಏಟು ಕೊಡ್ತಿದೆ, ಬನ್ನಿ" ಎನ್ನಲು ಶುರು ಮಾಡುತ್ತಾರೆ. ಬಟ್ಟೆ ಒಣಹಾಕಲು ಟೆರೇಸಿಗೆ ಹೋದರೆ ಹಿಂದಿನಿಂದ ಬಂದು ಬಡಿಯಿತಂತೆ. ಟ್ಯಾಂಕ್ ತೊಳೆಯಲು ಹತ್ತಿದವನು ಅರ್ಧಕ್ಕೇ ಇಳಿದು ಓಡಿದನಂತೆ. ಅಜ್ಜಿ ಹಾಕಿದ ಸಂಡಿಗೆ ಎರಡು ದಿನದಿಂದ ಮೇಲೆಯೇ ಉಳಿದಿದೆಯಂತೆ. ಬೆಂಗಳೂರಿನ ಯಾವ ಬಡಾವಣೆಯಿಂದ ಫೋನ್ ಬಂದರೂ ಕತೆ ಹೆಚ್ಚು ಕಡಿಮೆ ಇದೇ.

ಗಾಯಗೊಂಡ ಕಾಡುಹಕ್ಕಿಗಳಿಗೆ ಚಿಕಿತ್ಸೆ ಕೊಡುವುದು ನನ್ನ ಕೆಲಸ. ಇಂಥ ಫೋನ್ ಬಂದಾಗ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ತಲೆಗೆ ಬಡಿಯಿತಾ, ಕೈಗೆ ಬಂತಾ? ಕೇಳಿಸಿಕೊಂಡವರಿಗೆ ಇದೇನು ಪ್ರಶ್ನೆ ಅನಿಸುತ್ತದೆ. ಆದರೆ ಅರ್ಧ ವಿಷಯ ಅಲ್ಲೇ ಗೊತ್ತಾಗಿಬಿಡುತ್ತದೆ. ತಲೆಗೆ ಬಂದಿದ್ದರೆ ಹತ್ತಿರದಲ್ಲೆಲ್ಲೋ ಗೂಡಿದೆ. ಕೈಗೆ ಬಂದಿದ್ದರೆ ಆ ಹದ್ದಿಗೆ ಯಾರೋ ತಿನ್ನಲು ಹಾಕಿ ರೂಢಿ ಮಾಡಿಸಿದ್ದಾರೆ. ಎರಡಕ್ಕೂ ಮದ್ದು ಬೇರೆ ಬೇರೆ.

ಮೊದಲು ಗೂಡಿನ ವಿಷಯ. ನಮ್ಮ ಊರುಗಳ ಮೇಲೆ ದಿನಾ ಸುತ್ತುವ, ಕಂದು ಬಣ್ಣದ, ಬಾಲದ ತುದಿ ಕವಲೊಡೆದ ಹಕ್ಕಿಯೇ ಹದ್ದು. ಚಳಿ ಮುಗಿಯುವ ಹೊತ್ತಿಗೆ ಅದರ ಸಂಸಾರ ಶುರು. ತೆಂಗು, ಸಿಲ್ವರ್ ಓಕ್, ನೀಲಗಿರಿ, ಮಳೆಮರ, ಏನೂ ಇಲ್ಲದಿದ್ದರೆ ಮೊಬೈಲ್ ಟವರ್. ಗೂಡಿನಲ್ಲಿ ಕಡ್ಡಿಯ ಜೊತೆಗೆ ಚಿಂದಿ ಬಟ್ಟೆ, ಪ್ಲಾಸ್ಟಿಕ್ ಕವರ್, ವೈರಿನ ತುಂಡು ಎಲ್ಲ ಇರುತ್ತವೆ. ಹಳೇ ಗೂಡನ್ನೇ ರಿಪೇರಿ ಮಾಡಿಕೊಂಡು ಮತ್ತೆ ಮತ್ತೆ ಬಳಸುವುದೂ ಉಂಟು. ಸಾಮಾನ್ಯವಾಗಿ ಎರಡು ಮೂರು ಮೊಟ್ಟೆ. ಕಾವು ಕೂರುವುದು ಸುಮಾರು ಒಂದು ತಿಂಗಳು. ಮೊಟ್ಟೆಯೊಡೆದ ಮರಿ ಗೂಡು ಬಿಡಲು ಮತ್ತೆ ಆರೇಳು ವಾರ ಬೇಕು.

ಕೆಳಗೆ ರಸ್ತೆಯಲ್ಲಿ ಓಡಾಡುವವರನ್ನು ಹದ್ದು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಗೂಡಿನ ಮಟ್ಟಕ್ಕೆ ಏರಿ ಬಂದವರನ್ನು ಕಂಡರೆ ಮಾತ್ರ ಅದಕ್ಕೆ ಆಗುವುದಿಲ್ಲ. "ಇಷ್ಟು ವರ್ಷ ಇಲ್ಲದ್ದು ಈಗ್ಯಾಕೆ ಡಾಕ್ಟ್ರೇ?" ಎಂದು ಕೇಳುತ್ತಾರೆ. ಮನೆ ನೋಡಿದರೆ ಹಳೆಯ ಎರಡು ಅಂತಸ್ತಿನ ಮೇಲೆ ಇನ್ನೆರಡು ಎದ್ದಿರುತ್ತದೆ. ಮರ ಅಲ್ಲೇ ಇದೆ, ಗೂಡೂ ಅಲ್ಲೇ ಇದೆ. ಈಗ ಟೆರೇಸಿನಲ್ಲಿ ನಿಂತರೆ ಮರಿಗಳು ನೇರ ಕಣ್ಣಿಗೆ ಕಾಣುತ್ತವೆ. ಹದ್ದಿಗೂ ನೀವು ಹಾಗೆಯೇ ಕಾಣುತ್ತೀರಿ, ಅಲ್ವಾ?

ಬಡಿಯುವ ರೀತಿಯನ್ನೂ ಸ್ವಲ್ಪ ಗಮನಿಸಿ. ಅದು ಬರುವುದು ಬೆನ್ನ ಹಿಂದಿನಿಂದ. ನೀವು ತಿರುಗಿ ಅದನ್ನೇ ನೋಡುತ್ತಾ ನಿಂತರೆ ಹೆಚ್ಚಿನ ಸಲ ತಿರುಗಿಕೊಂಡು ಹೋಗುತ್ತದೆ. ಹಾಗಾಗಿ ಟೆರೇಸಿಗೆ ಹೋಗಲೇಬೇಕಾದರೆ ಛತ್ರಿ ಬಿಚ್ಚಿಕೊಂಡು ಹೋಗಿ. ಇದಕ್ಕಿಂತ ಒಳ್ಳೆಯ, ಇದಕ್ಕಿಂತ ಅಗ್ಗದ ಉಪಾಯ ನನಗಂತೂ ಗೊತ್ತಿಲ್ಲ. ಹೆಲ್ಮೆಟ್ ಕೂಡ ಆಗುತ್ತದೆ. ಗೂಡಿಗೆ ಬೆನ್ನು ಹಾಕಿ ಬಗ್ಗಿ ಕೆಲಸ ಮಾಡಬೇಡಿ. ಬಟ್ಟೆಯ ತಂತಿಯನ್ನು ಒಂದೆರಡು ತಿಂಗಳ ಮಟ್ಟಿಗೆ ಟೆರೇಸಿನ ಇನ್ನೊಂದು ಮೂಲೆಗೆ ಕಟ್ಟಿಕೊಳ್ಳಿ. ಕಲ್ಲು ಹೊಡೆಯುವುದು, ಕೋಲು ಬೀಸುವುದು, ಪಟಾಕಿ ಹಚ್ಚುವುದರಿಂದ ಅದರ ಸಿಟ್ಟು ಜಾಸ್ತಿಯಾಗುತ್ತದೆ ಅಷ್ಟೆ. ಹದ್ದು ಬಡಿಯಲು ಶುರು ಮಾಡಿದೆ ಎಂದರೆ ಗೂಡಿನಲ್ಲಿ ಮೊಟ್ಟೆಯೋ ಮರಿಯೋ ಆಗಲೇ ಇದೆ ಎಂದೇ ಅರ್ಥ. ಮರಿ ಹಾರಿದ ಮೇಲೆ ತಾನಾಗಿಯೇ ನಿಲ್ಲುತ್ತದೆ.

"ಗೂಡು ತೆಗೆಸಿಬಿಡಿ" ಎನ್ನುವವರಿಗೆ ನಾನು ಇಲ್ಲ ಎನ್ನುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹದ್ದಿಗೂ, ಗರುಡಕ್ಕೂ, ಗೂಬೆಗೂ ಅನ್ವಯಿಸುತ್ತದೆ. ಮೊಟ್ಟೆ ಮರಿ ಇರುವ ಗೂಡು ಕೀಳುವುದು ಅಪರಾಧ. ಕಾನೂನಿನ ಮಾತು ಬಿಟ್ಟರೂ ಅದರಿಂದ ನಿಮಗೆ ಲಾಭವಿಲ್ಲ. ಮೊಟ್ಟೆ ಹೋದ ಜೋಡಿ ಅದೇ ಮರದಲ್ಲೋ ಪಕ್ಕದ ಮರದಲ್ಲೋ ಮತ್ತೆ ಗೂಡು ಹಾಕಬಹುದು. ಆಗ ನಿಮ್ಮ ಎರಡು ತಿಂಗಳ ಕಷ್ಟ ನಾಲ್ಕು ತಿಂಗಳಾಗುತ್ತದೆ.

ಉಗುರು ತಾಗಿ ತಲೆ ಗೀರಿದ್ದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಧನುರ್ವಾಯುವಿನ ಚುಚ್ಚುಮದ್ದು ಬೇಕಾ ಎಂದು ವೈದ್ಯರನ್ನು ಕೇಳಿ. ರೇಬೀಸ್ ಬಗ್ಗೆ ಹೆದರಿಕೆ ಬೇಡ, ಅದು ಹಾಲೂಡುವ ಪ್ರಾಣಿಗಳ ಕಾಯಿಲೆ. ಇನ್ನು "ನಮ್ಮ ಪೊಮೆರೇನಿಯನ್ನನ್ನು ಎತ್ತಿಕೊಂಡು ಹೋಗುತ್ತಾ?" ಎಂಬ ಪ್ರಶ್ನೆ. ರೆಕ್ಕೆ ಬಿಚ್ಚಿದರೆ ಹದ್ದು ಒಂದೂವರೆ ಮೀಟರಿನಷ್ಟು ಅಗಲ ಕಾಣುತ್ತದೆ ನಿಜ. ತಕ್ಕಡಿಗೆ ಹಾಕಿದರೆ ಒಂದು ಕೆಜಿಯೂ ತೂಗುವುದು ಅಪರೂಪ. ನಾಯಿಯನ್ನು ಎತ್ತುವ ತಾಕತ್ತು ಅದಕ್ಕಿಲ್ಲ. ಕೋಳಿಮರಿಗಳ ವಿಷಯ ಬೇರೆ. ಹಳ್ಳಿಯಲ್ಲಿ ಹೇಟೆ ಕೂಗಿದ ಕೂಡಲೇ ಮರಿಗಳೆಲ್ಲ ಅದರ ರೆಕ್ಕೆಯಡಿ ಸೇರುವುದು ಸುಮ್ನೆ ಅಲ್ಲ. ಮರಿಗಳು ದೊಡ್ಡವಾಗುವ ತನಕ ಮೇಲೆ ಬಲೆ ಕಟ್ಟಿ.

ಈಗ ಕೈಗೆ ಬಂದ ಹದ್ದು. ಇದಕ್ಕೆ ಕಾಲ ಇಲ್ಲ, ವರ್ಷವಿಡೀ ಬರುತ್ತದೆ. ಭಾನುವಾರ ಬೆಳಿಗ್ಗೆ ಮಾಂಸದ ಅಂಗಡಿಗಳ ಮುಂದೆ ನಿಂತು ಮೇಲೆ ನೋಡಿ, ಗೊತ್ತಾಗುತ್ತದೆ. ಕೋಳಿಯ ಕರುಳು, ಚರ್ಮ ಎಸೆದರೆ ಗಾಳಿಯಲ್ಲೇ ಹಿಡಿಯುತ್ತವೆ. ನೋಡಲು ಚಂದವೇ. ಕೆಲವರು ಪುಣ್ಯ ಎಂದು ಹಾಕುತ್ತಾರೆ, ಕೆಲವರು ವಿಡಿಯೋಗಾಗಿ ಟೆರೇಸಿನಿಂದ ಎಸೆಯುತ್ತಾರೆ. ಮನುಷ್ಯರ ಕೈಯಲ್ಲಿ ಊಟ ಇರುತ್ತದೆ ಎಂದು ಹದ್ದು ಕಲಿತುಬಿಡುತ್ತದೆ. ಆಮೇಲೆ ಮೂರು ರಸ್ತೆ ಆಚೆಯ ಶಾಲೆಯ ಮೈದಾನದಲ್ಲಿ ಮಗುವಿನ ಕೈಯಲ್ಲಿದ್ದ ಎಗ್ ಪಫ್ ಹೋಗುತ್ತದೆ. ಮಗುವಿನ ಬೆರಳಿಗೆ ಗಾಯ, ಬೈಗುಳ ಹದ್ದಿಗೆ. ಹಾಕಿದವರು ಯಾರೆಂದು ಯಾರೂ ಕೇಳುವುದಿಲ್ಲ. ಹಾಕುವುದನ್ನು ನಿಲ್ಲಿಸಿ ಎಂದರೆ ಕೆಲವರಿಗೆ ನನ್ನ ಮೇಲೆ ಬೇಸರ. ಆದರೂ ಹೇಳುತ್ತೇನೆ: ಊರಿನ ಕಸದ ರಾಶಿ, ಇಲಿ, ಸತ್ತ ಪ್ರಾಣಿಗಳ ನಡುವೆ ಹದ್ದು ಹಸಿವಿನಿಂದ ಸಾಯುವುದಿಲ್ಲ. ಅದಕ್ಕೆ ನಮ್ಮ ದಾನ ಬೇಕಿಲ್ಲ.

ಎಲ್ಲ ಫೋನುಗಳೂ ಹದ್ದಿನದೇ ಆಗಿರುವುದಿಲ್ಲ. "ಬಾಲ್ಕನಿಯಲ್ಲಿ ಗರುಡ ಬಂದು ಕೂತಿದೆ" ಎಂದು ಕಳಿಸುವ ಫೋಟೋದಲ್ಲಿ ಅನೇಕ ಸಲ ಇರುವುದು ಬಿಜ್ಜು ಎಂಬ ಸಣ್ಣ ಗಿಡುಗ. ಗರುಡನಿಗೆ ತಲೆ, ಎದೆ ಬಿಳಿ, ಮೈ ಇಟ್ಟಿಗೆ ಬಣ್ಣ, ಕೆರೆ ಕಡಲಿನ ಹತ್ತಿರ ಜಾಸ್ತಿ. ಬಿಜ್ಜು ಪಾರಿವಾಳದಷ್ಟೇ ಉದ್ದದ, ತೆಳು ಮೈಯ ಬೂದು ಹಕ್ಕಿ. ಎದೆಯ ಮೇಲೆ ಅಡ್ಡ ಗೆರೆ. ದೊಡ್ಡ ಗಂಡಿನ ಕಣ್ಣು ಕೆಂಪು. ಓತಿಕೇತ, ಇಲಿ, ಗುಬ್ಬಚ್ಚಿಯಂಥ ಹಕ್ಕಿ ಅದರ ಊಟ. ಗಿಡಮರ ಇರುವ ಯಾವ ಬಡಾವಣೆಯಲ್ಲೂ ಒಂದು ಜೋಡಿ ಇದ್ದೀತು, ನೀವು ನೋಡಿಲ್ಲ ಅಷ್ಟೆ. ಪಾರಿವಾಳದ ಕಾಟ ತಪ್ಪಿಸಲು ಪ್ಲಾಸ್ಟಿಕ್ ಗಿಡುಗ ತಂದು ಇಡುವವರಿಗೆ ಒಂದು ಮಾತು: ಅಲ್ಲಾಡದ ಗಿಡುಗಕ್ಕೆ ಪಾರಿವಾಳ ಬಹಳ ದಿನ ಹೆದರುವುದಿಲ್ಲ. ಕೊನೆಗೆ ಅದರ ತಲೆ ಮೇಲೇ ಕೂರುತ್ತದೆ.

ಬಿಜ್ಜು ಬಾಲ್ಕನಿಗೆ ಬರಲು ಎರಡು ಕಾರಣ. ಒಂದು, ನೀವು ಅಲ್ಲಿ ತೂಗುಹಾಕಿದ ಲವ್ ಬರ್ಡ್ಸ್ ಪಂಜರ. ಸರಳಿನ ನಡುವೆ ಕಾಲು ತೂರಿಸಿ ಹಿಡಿಯುವುದು ಅದಕ್ಕೆ ಕಷ್ಟವಲ್ಲ. ಪಂಜರ ಒಳಗಿಡಿ. ಎರಡು, ಗಾಜು. ಹಕ್ಕಿಯೊಂದನ್ನು ಅಟ್ಟಿಸಿಕೊಂಡು ಬಂದ ಬಿಜ್ಜುವಿಗೆ ಗಾಜಿನಲ್ಲಿ ಎದುರಿನ ಮರ, ಆಕಾಶ ಕಾಣುತ್ತವೆ. ಅದೇ ವೇಗದಲ್ಲಿ ಬಂದು ಗುದ್ದುತ್ತದೆ. ಒಳಗೆ ಪರದೆ ಎಳೆದರೆ ಹೊರಗಿನ ಪ್ರತಿಬಿಂಬ ಹೋಗುವುದಿಲ್ಲ. ಹೊರಮೈ ಮೇಲೆಯೇ ಸ್ಟಿಕರ್ ಚುಕ್ಕಿಗಳನ್ನೋ ಪಟ್ಟಿಗಳನ್ನೋ ಎರಡು ಇಂಚಿಗೆ ಒಂದರಂತೆ ಇಡೀ ಗಾಜಿಗೆ ಅಂಟಿಸಬೇಕು. ಮಧ್ಯದಲ್ಲಿ ಗಿಡುಗದ ಆಕಾರದ ಒಂದೇ ಸ್ಟಿಕರ್ ಹಚ್ಚಿದರೆ ಉಳಿದ ಜಾಗಕ್ಕೆ ಬಂದು ಬಡಿಯುತ್ತವೆ.

ಗುದ್ದಿ ಬಿದ್ದ ಹಕ್ಕಿ ಕಣ್ಣು ಬಿಟ್ಟುಕೊಂಡು ಸುಮ್ಮನೆ ಕೂತಿದ್ದರೆ "ಪಾಪ, ಸಾಧು" ಎಂದು ತೊಡೆಯ ಮೇಲೆ ಇಟ್ಟುಕೊಳ್ಳಬೇಡಿ. ತಲೆಗೆ ಪೆಟ್ಟಾಗಿ ಮಂಕಾಗಿದೆ, ಜೊತೆಗೆ ಭಯದಲ್ಲಿದೆ. ಕೊಕ್ಕಿಗಿಂತ ಕಾಲಿಗೆ ಹೆದರಿ. ಈ ಹಕ್ಕಿಗಳು ಬೇಟೆ ಹಿಡಿಯುವುದು ಕಾಲುಗುರಿನಲ್ಲಿ. ಹದ್ದು ಒಮ್ಮೆ ಹಿಡಿದರೆ ಬಿಡಿಸಲು ಇನ್ನೊಬ್ಬರು ಬೇಕಾಗುತ್ತದೆ. ದಪ್ಪ ಟವೆಲ್ಲನ್ನು ಮೇಲಿನಿಂದ ಹಾಕಿ, ತಲೆ ಮುಚ್ಚಿ, ರೆಕ್ಕೆ ಮಡಚಿ, ಕಾಲು ನಿಮ್ಮಿಂದ ಆಚೆ ಇರುವಂತೆ ಎತ್ತಿ. ತೂತು ಮಾಡಿದ ರಟ್ಟಿನ ಡಬ್ಬದಲ್ಲಿ ಇಟ್ಟು ಮುಚ್ಚಿ. ತಂತಿ ಪಂಜರ ಬೇಡವೇ ಬೇಡ, ಒದ್ದಾಡಿ ಗರಿ ಮುರಿದುಕೊಳ್ಳುತ್ತದೆ. ಮುರಿದ ಗರಿ ಉದುರಿ ಹೊಸದು ಬರಲು ತಿಂಗಳುಗಟ್ಟಲೆ ಬೇಕು, ಅಲ್ಲಿಯವರೆಗೆ ಅದು ನಮ್ಮ ಆಸ್ಪತ್ರೆಯಲ್ಲೇ ಇರಬೇಕಾಗುತ್ತದೆ.

ಡಬ್ಬ ಕತ್ತಲಲ್ಲಿರಲಿ, ಮನೆ ನಿಶ್ಶಬ್ದವಾಗಿರಲಿ. ಪದೇ ಪದೇ ತೆಗೆದು ನೋಡಬೇಡಿ. ಮತ್ತೆ ದಯವಿಟ್ಟು ಬಾಯಿಗೆ ನೀರು ಬಿಡಬೇಡಿ. ಹಕ್ಕಿಯ ಶ್ವಾಸನಾಳದ ಬಾಯಿ ನಾಲಿಗೆಯ ಹಿಂದೆಯೇ ಇರುತ್ತದೆ. ನೀವು ಪ್ರೀತಿಯಿಂದ ಬಿಟ್ಟ ಚಮಚ ನೀರು ಶ್ವಾಸಕೋಶಕ್ಕೆ ಹೋಗುತ್ತದೆ. ಗಾಯ ಸಣ್ಣದಿದ್ದು ನೀರಿನಿಂದ ಸತ್ತ ಹಕ್ಕಿಗಳನ್ನು ಕಂಡಿದ್ದೇನೆ. ಹಾಲು, ಬ್ರೆಡ್ಡು, ಮೊಸರನ್ನ ಯಾವುದೂ ಬೇಡ. ಒಂದೆರಡು ಗಂಟೆ ಬಿಟ್ಟು ಹೊರಗೆ ತಂದು ತೆರೆಯಿರಿ. ಚುರುಕಾಗಿ ಹಾರಿದರೆ ಸರಿ. ಇಲ್ಲದಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಹೇಳಿ. ಬೆಂಗಳೂರಿನವರಾದರೆ ಕೆಂಗೇರಿಯಲ್ಲಿ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆಯೂ ಇದೆ.

ಆಷಾಢದ ಗಾಳಿ ಶುರುವಾದರೆ ನಮ್ಮ ಕೆಲಸದ ಸ್ವರೂಪವೇ ಬೇರೆ. ಗಾಳಿಪಟದ ಮಾಂಜಾ. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ದೇಶದಾದ್ಯಂತ ನಿಷೇಧಿಸಿತು. ಮರಗಳ ಮೇಲೆ ಈಗಲೂ ಅದೇ ನೇತಾಡುತ್ತಿದೆ. ಹದ್ದಿನ ರೆಕ್ಕೆಯ ಮುಂಭಾಗದಲ್ಲಿ, ಭುಜಕ್ಕೂ ಮಣಿಕಟ್ಟಿಗೂ ನಡುವೆ, ತೆಳುವಾದ ಚರ್ಮದ ಪಟ್ಟಿಯಿದೆ. ಅದರ ಅಂಚಿನಲ್ಲೇ ಒಂದು ಸ್ನಾಯುರಜ್ಜು. ದಾರ ಕೊಯ್ಯುವುದು ಅದನ್ನೇ. ಚರ್ಮವನ್ನು ಹೊಲಿಯಬಹುದು, ರಜ್ಜು ಪೂರ್ತಿ ತುಂಡಾಗಿದ್ದರೆ ಹಕ್ಕಿ ಮತ್ತೆ ಸರಿಯಾಗಿ ಹಾರುವುದು ಕಷ್ಟ. ದಾರ ಸುತ್ತಿಕೊಂಡ ಹಕ್ಕಿ ಸಿಕ್ಕರೆ ಎಳೆದು ಬಿಡಿಸಲು ಹೋಗಬೇಡಿ, ಎಳೆದಷ್ಟೂ ಒಳಗೆ ಕೊಯ್ಯುತ್ತದೆ. ರೆಕ್ಕೆಯಿಂದ ಸ್ವಲ್ಪ ದೂರದಲ್ಲಿ ಎರಡೂ ಕಡೆ ಕತ್ತರಿಸಿ. ಸುತ್ತಿಕೊಂಡ ಭಾಗವನ್ನು ಹಾಗೇ ಬಿಟ್ಟು ಕಳಿಸಿ. ಎತ್ತರದ ಕೊಂಬೆಯಲ್ಲಿ ನೇತಾಡುತ್ತಿದ್ದರೆ ನೀವು ಹತ್ತಬೇಡಿ, ಅಗ್ನಿಶಾಮಕ ದಳಕ್ಕೆ ಹೇಳಿ.

ಗೂಬೆಗಳ ಬಗ್ಗೆ ಚಿಕ್ಕದಾಗಿ. ಅಪಾರ್ಟ್‌ಮೆಂಟಿನ ಡಕ್ಟ್ ಒಳಗಿಂದ ರಾತ್ರಿ ಬುಸ್ ಬುಸ್ ಎನ್ನುವುದು ಹಾವಲ್ಲ, ಕಣಜ ಗೂಬೆಯ ಮರಿಗಳು ಊಟ ಕೇಳುವ ಸದ್ದು. ಅಪಶಕುನ ಎಂದು ಹೊಗೆ ಹಾಕಿಸುವವರೇ ಕೆಳಗೆ ಪಾರ್ಕಿಂಗಿನಲ್ಲಿ ಇಲಿ ಪಾಷಾಣದ ಬಿಸ್ಕತ್ತು ಇಡಿಸುತ್ತಾರೆ. ಪಾಷಾಣ ತಿಂದ ಇಲಿ ತಕ್ಷಣ ಸಾಯುವುದಿಲ್ಲ, ರಕ್ತ ಹೆಪ್ಪುಗಟ್ಟದೆ ಕೆಲವು ದಿನ ಮಂಕಾಗಿ ತಿರುಗುತ್ತದೆ. ಅಂಥ ಇಲಿ ಸುಲಭವಾಗಿ ಸಿಗುತ್ತದೆ, ಗೂಬೆಯೂ ಹದ್ದೂ ಅದನ್ನೇ ತಿನ್ನುತ್ತವೆ. ಆಮೇಲೆ ಅವುಗಳ ರಕ್ತವೂ ಹೆಪ್ಪುಗಟ್ಟುವುದಿಲ್ಲ. ಇಲಿಗೆ ಬೋನು ಇಡಿ, ಸಾಕು.

ನನಗೆ ತೀರಾ ಸಂಕಟ ಕೊಡುವುದು ಏಟು ತಿಂದ ಹಕ್ಕಿಯಲ್ಲ, ಮನೆಯಲ್ಲಿ ಮುದ್ದಾಗಿ ಸಾಕಿದ ಮರಿ. ಬಿದ್ದಿತ್ತು ಅಂತ ತರುತ್ತಾರೆ. ಬೋನ್‌ಲೆಸ್ ಚಿಕನ್ ಸಣ್ಣಗೆ ಹೆಚ್ಚಿ ತಿನ್ನಿಸುತ್ತಾರೆ. ಮರಿ ಚೆನ್ನಾಗಿ ತಿನ್ನುತ್ತದೆ, ದಪ್ಪಗಾಗುತ್ತದೆ, ಕೂಗಿದರೆ ಬರುತ್ತದೆ. ಒಂದು ದಿನ ಕಾಲು ಊರಲು ಆಗುವುದಿಲ್ಲ. ಎಕ್ಸ್‌ರೇ ತೆಗೆದರೆ ಮೂಳೆಗಳು ಬಾಗಿರುತ್ತವೆ, ಅಲ್ಲಲ್ಲಿ ಮುರಿದಿರುತ್ತವೆ. ಬೇಟೆಹಕ್ಕಿಗೆ ಸುಣ್ಣದ ಅಂಶ ಸಿಗುವುದು ಇಲಿಯನ್ನೋ ಹಕ್ಕಿಯನ್ನೋ ಮೂಳೆ ಸಮೇತ ತಿಂದಾಗ. ಬರೀ ಮಾಂಸದಲ್ಲಿ ರಂಜಕ ಹೇರಳ, ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ. ಬೇಗ ಬಂದರೆ ಸರಿಪಡಿಸಬಹುದು. ಬಾಗಿ ಗಟ್ಟಿಯಾದ ಮೇಲೆ ಬಂದರೆ ನಮ್ಮಿಂದ ಆಗುವುದು ಬಹಳ ಕಡಿಮೆ. ಮೂಳೆ ಗಟ್ಟಿಯಿದ್ದರೂ ಇನ್ನೊಂದು ತೊಡಕಿದೆ. ಅದು ಮನುಷ್ಯರನ್ನೇ ತಂದೆತಾಯಿ ಎಂದುಕೊಂಡಿರುತ್ತದೆ. ಹೊರಗೆ ಬಿಟ್ಟರೆ ಊಟ ಕೇಳಲು ಯಾರದೋ ತಲೆ ಮೇಲೆ ಹೋಗಿ ಇಳಿಯುತ್ತದೆ. ಅವರು ನಮಗೆ ಫೋನ್ ಮಾಡುತ್ತಾರೆ: "ಹದ್ದು ತಲೆಗೆ ಬಡಿಯಿತು!"

ಹಾಗಾಗಿ ಮರಿ ಬಿದ್ದಿದ್ದರೆ ಮೊದಲು ಫೋಟೋ ತೆಗೆದು ಕಳಿಸಿ. ಮೈ ತುಂಬ ಗರಿ ಬಂದಿದ್ದು, ಕಾಲ ಮೇಲೆ ನಿಂತು, ರೆಕ್ಕೆ ಸಮವಾಗಿ ಇಟ್ಟುಕೊಂಡಿದ್ದರೆ ಅದು ಹಾರಲು ಕಲಿಯುತ್ತಿದೆ. ನಾಯಿ ಬೆಕ್ಕಿನಿಂದ ದೂರ, ಯಾವುದಾದರೂ ಎತ್ತರದ ಜಾಗದಲ್ಲಿ ಇಟ್ಟು ದೂರ ಸರಿಯಿರಿ. ಇನ್ನೂ ಬಿಳಿ ತುಪ್ಪಳದ ಮರಿಯಾದರೆ ಗಾಯವಿಲ್ಲವೆಂದು ವೈದ್ಯರಿಂದ ಖಾತ್ರಿ ಮಾಡಿಕೊಂಡು ಗೂಡಿಗೇ ಏರಿಸಬೇಕು. ಗೂಡು ಹಾಳಾಗಿದ್ದರೆ ಹೂ ಮಾರುವವರ ಹತ್ತಿರ ಸಿಗುವಂಥ ಬಿದಿರಿನ ಬುಟ್ಟಿ ಸಾಕು. ತಳಕ್ಕೆ ಒಣಕಡ್ಡಿ ಹಾಕಿ, ಅದೇ ಮರದಲ್ಲಿ ಆದಷ್ಟು ಮೇಲೆ, ಸ್ವಲ್ಪ ನೆರಳಿರುವ ಕಡೆ ಬಿಗಿಯಾಗಿ ಕಟ್ಟಿಸಿ. ಮನುಷ್ಯರು ಮುಟ್ಟಿದರೆ ತಾಯಿ ಬರುವುದಿಲ್ಲ ಎನ್ನುವುದು ಸುಳ್ಳು. ಕೆಳಗೆ ಗುಂಪು ಸೇರಿದರೆ ಮಾತ್ರ ಬರುವುದಿಲ್ಲ. ಎಲ್ಲರನ್ನೂ ಒಳಗೆ ಕಳಿಸಿ, ಕಿಟಕಿಯಿಂದ ನೋಡಿ. ಸಂಜೆಯೊಳಗೆ ದೊಡ್ಡ ಹದ್ದು ಒಂದು ಸಲವೂ ಬುಟ್ಟಿಯ ಮೇಲೆ ಇಳಿಯದಿದ್ದರೆ ಕತ್ತಲಾಗುವ ಮುಂಚೆ ಮತ್ತೆ ಫೋನ್ ಮಾಡಿ.