ಖುಲಾಸೆಯೋ, ಬಿಡುಗಡೆಯೋ?

ಕಾರವಾರದ ಮೀನುಪೇಟೆಯಲ್ಲಿ ಬಂಗಡೆ ಬುಟ್ಟಿ ಬರಿದಾದರೆ ‘ಖಲಾಸ್’. ಅದೇ ಊರಿನ ಜಿಲ್ಲಾ ಮತ್ತು ಸತ್ರ ನ್ಯಾಯಾಲಯದಲ್ಲಿ ಅಪರಾಧ ಸಾಬೀತಾಗಲಿಲ್ಲವೆಂದು ತೀರ್ಪಾದರೆ ‘ಖುಲಾಸೆ’. ಎರಡೂ ಅರಬ್ಬಿಯ ಖ-ಲ-ಸ ಧಾತುವಿನಿಂದ ಬಂದವು: ಕಲಬೆರಕೆ ಕಳೆದು ಶುದ್ಧವಾಗುವುದು, ಬಿಡುಗಡೆ ಹೊಂದುವುದು. ‘ಖುಲ್ಲಾ’ ಮಾತ್ರ ಇವುಗಳ ನೆಂಟನಲ್ಲ, ಅದು ಹಿಂದಿಯ ‘ಖುಲ್‌ನಾ’ ಕಡೆಯದು.

ಅರಬ್ಬಿಯಲ್ಲಿ ಖುಲಾಸಾ ಅಂದರೆ ಸಾರ, ಸಂಗ್ರಹ. ಮರಾಠಿಗೆ ಬಂದು ಅದು ವಿವರಣೆಯಾಯಿತು. 1862ರಿಂದ 1956ರವರೆಗೆ ಮುಂಬೈ ಆಡಳಿತದಲ್ಲಿದ್ದ ಜಿಲ್ಲೆ ನಮ್ಮದು. ಮರಾಠಿ ಬಲ್ಲ ಕಕ್ಷಿದಾರರು ‘ಸ್ವಲ್ಪ ಖುಲಾಸಾ ಮಾಡಿ’ ಅಂದರೆ ಕೇಳುತ್ತಿರುವುದು ಬಿಡುಗಡೆಯನ್ನಲ್ಲ, ‘ಬಿಡಿಸಿ ಹೇಳಿ’ ಅಂತ. ಆರೋಪದ ಬೇರು ಸಂಸ್ಕೃತದ್ದು, ಮೇಲೇರಿಸುವುದು ಎಂದರ್ಥ. ಅದಕ್ಕೇ ಇರಬೇಕು, ಕನ್ನಡದಲ್ಲಿ ಆರೋಪವನ್ನು ಹೊರೆಯಂತೆ ‘ಹೊರಿಸುತ್ತೇವೆ’.

ಎಡವಟ್ಟಾಗುವುದು ಇಲ್ಲಿ. ಜಾಮೀನು ಸಿಕ್ಕರೂ ಜನ ಖುಲಾಸೆ ಅನ್ನುತ್ತಾರೆ. ಜಾಮೀನಿನಲ್ಲಿ ಆಳು ಮನೆಗೆ ಬರುತ್ತಾನೆ, ಕೇಸು ಕೋರ್ಟಿನಲ್ಲೇ ಇರುತ್ತದೆ. ದೋಷಾರೋಪ ಹೊರಿಸುವ ಮೊದಲೇ, ಆಧಾರ ಸಾಲದೆಂದು ಕೈಬಿಟ್ಟರೆ ಅದು ಬರೀ ಬಿಡುಗಡೆ. ಹೊಸ ಸಂಹಿತೆಯ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 250 ಮತ್ತು 262ನೇ ಕಲಮುಗಳಲ್ಲಿ ಇದಕ್ಕೆ ಅರ್ಜಿ ಹಾಕಲು 60 ದಿನಗಳ ಗಡುವಿದೆ. ಸತ್ರ ಪ್ರಕರಣದಲ್ಲಿ ಕಮಿಟಲ್ ಆದ, ಅಂದರೆ ಮ್ಯಾಜಿಸ್ಟ್ರೇಟರು ಕೇಸನ್ನು ಸತ್ರ ನ್ಯಾಯಾಲಯಕ್ಕೆ ಒಪ್ಪಿಸಿದ ದಿನದಿಂದ, ಮ್ಯಾಜಿಸ್ಟ್ರೇಟರೇ ನಡೆಸುವ ವಾರಂಟ್ ಪ್ರಕರಣದಲ್ಲಿ (ಎರಡು ವರ್ಷಕ್ಕೂ ಮೀರಿ ಸಜೆಯಾಗಬಹುದಾದದ್ದು) ದಾಖಲೆಗಳ ನಕಲು ಕೊಟ್ಟ ದಿನದಿಂದ ಎಣಿಕೆ. ಹೀಗೆ ಬಿಟ್ಟವರ ಮೇಲೆ ಹೊಸ ಸಾಕ್ಷ್ಯ ಸಿಕ್ಕರೆ ಮತ್ತೆ ಪ್ರಕರಣ ನಡೆಸಲು ಅಡ್ಡಿಯಿಲ್ಲ. ವಿಚಾರಣೆ ಮುಗಿದು ಆಗುವ ಖುಲಾಸೆ ಹಾಗಲ್ಲ: ಆ ತೀರ್ಪು ಊರ್ಜಿತವಾಗಿರುವವರೆಗೆ ಅದೇ ಅಪರಾಧಕ್ಕೆ ಮತ್ತೆ ವಿಚಾರಣೆ ಕೂಡದು (337ನೇ ಕಲಮು; ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 300).

ಮೇಲ್ಮನವಿ ಬೇರೆ ಮಾತು. ಅದಕ್ಕೆಂದೇ, ಮೇಲಿನ ಕೋರ್ಟು ಕರೆದರೆ ಹಾಜರಾಗುತ್ತೇನೆಂದು ಆರೋಪಿಯಿಂದ ಆರು ತಿಂಗಳ ಮುಚ್ಚಳಿಕೆ ಬರೆಸಿಕೊಳ್ಳುವುದು.

ತೀರ್ಪಿನ ದೃಢೀಕೃತ ನಕಲು ಪಡೆಯುವಾಗ ಕೊನೆಯ ಆದೇಶವಷ್ಟೇ ಸಾಲದು, ಪೂರ್ತಿ ಪಡೆಯಿರಿ. ‘ಸಂಶಯದ ಲಾಭ ನೀಡಿ’ ಅನ್ನುವ ಮಾತು ಎಲ್ಲಿದೆ ನೋಡಿ. ಕಾನೂನಿನ ಕಣ್ಣಿಗೆ ಅದೂ ಖುಲಾಸೆಯೇ, ಆದರೆ ಸರ್ಕಾರಿ ನೌಕರರ ಇಲಾಖಾ ವಿಚಾರಣೆಯಲ್ಲಿ ಆ ಮೂರು ಪದಗಳನ್ನೇ ಎತ್ತಿ ತೋರಿಸುತ್ತಾರೆ.